ವಿಮಾನ ಜೋಡಿಸುವವರ ಕೆಲಸಕ್ಕೆ ರೋಬೋಟ್ ಕುತ್ತು ತರುತ್ತಾ?

"ನನ್ನ ತಮ್ಮ ವಿಮಾನದ ಬಾಡಿ ಜೋಡಿಸುವ ಟ್ರೇನಿಂಗ್‌ಗೆ ಸೇರಬೇಕು ಅಂತಿದ್ದಾನೆ. ಇನ್ನು ಹತ್ತು ವರ್ಷದಲ್ಲಿ ಅದನ್ನೆಲ್ಲ ರೋಬೋಟೇ ಮಾಡುತ್ತದಂತೆ. ಸೇರಿಸೋದಾ, ಬೇಡ್ವಾ?" ಎಂದು ಕೇಳಿದ್ದೀರಿ.

ಸೇರಿಸಿ. ಆದರೆ ತೂತು ಕೊರೆಯುವುದು, ರಿವೆಟ್ (ತಗಡುಗಳನ್ನು ಸೇರಿಸುವ ಲೋಹದ ಮೊಳೆ) ಹೊಡೆಯುವುದು, ಇಷ್ಟನ್ನೇ ಕಲಿತರೆ ಸಾಕು ಅಂದುಕೊಂಡು ಸೇರಿಸಬೇಡಿ. ನಾನು ಬಾಡಿ ಜೋಡಣೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಇನ್‌ಸ್ಪೆಕ್ಷನ್ ಕಡೆ ಬಂದಿದ್ದೇನೆ. ನನ್ನ ಅನಿಸಿಕೆ ಅಲ್ಲಿಂದ ಬಂದದ್ದು.

ಮೊದಲು ಒಂದು ಲೆಕ್ಕ. ದೊಡ್ಡ ಕಾರ್ ಫ್ಯಾಕ್ಟರಿಯಲ್ಲಿ ಹೆಚ್ಚುಕಡಿಮೆ ನಿಮಿಷಕ್ಕೊಂದು ಕಾರ್ ಹೊರಗೆ ಬರುತ್ತದೆ. ವಿಮಾನದ ವಿಷಯ ಹಾಗಲ್ಲ. ಇಷ್ಟೊಂದು ಮಾರಾಟವಾಗುವ ಏರ್‌ಬಸ್ ಎ320 ಬಳಗಕ್ಕೇ ಕಂಪನಿ ಇಟ್ಟುಕೊಂಡಿರುವ ಗುರಿ ತಿಂಗಳಿಗೆ 75, ಅದೂ ಎಲ್ಲ ಜೋಡಣೆ ಲೈನ್‌ಗಳನ್ನು ಸೇರಿಸಿ. ದಿನಕ್ಕೆ ಸಾವಿರ ಸಲ ಬರುವ ಕೆಲಸವಾದರೆ ರೋಬೋಟ್‌ಗೆ ಹಾಕಿದ ದುಡ್ಡು ಬೇಗ ಹುಟ್ಟುತ್ತದೆ. ದಿನಕ್ಕೆ ಒಂದೆರಡು ಸಲ ಬರುವ ಕೆಲಸಕ್ಕೆ ಅಷ್ಟು ದುಡ್ಡು ಸುರಿಯಲು ಯಾವ ಮ್ಯಾನೇಜರ್ ಆದರೂ ಹಿಂದೆ ಮುಂದೆ ನೋಡುತ್ತಾನೆ. ಹಾಗಾಗಿ ಒಂದೇ ವಿಮಾನದಲ್ಲಿ ಸಾವಿರಾರು ಸಲ ಬರುವ ಕೆಲಸ ಯಾವುದೋ, ಮೆಷಿನ್ ಅಲ್ಲಿಗೇ ಮೊದಲು ಬರುತ್ತದೆ. ಅಂಥ ಕೆಲಸ ಅಂದರೆ ತೂತು ಕೊರೆಯುವುದು. ಬೋಯಿಂಗ್ 747ರಲ್ಲಿ ಸುಮಾರು 60 ಲಕ್ಷ ಬಿಡಿಭಾಗಗಳಿವೆ. ಅದರಲ್ಲಿ ಅರ್ಧದಷ್ಟು ರಿವೆಟ್, ಬೋಲ್ಟ್‌ನಂಥ ಫಾಸ್ಟ್‌ನರ್‌ಗಳೇ. ರೆಕ್ಕೆಯ ಪ್ಯಾನೆಲ್‌ಗೆ ಸಾಲಾಗಿ ರಿವೆಟ್ ಹೊಡೆಯುವ ಮೆಷಿನ್‌ಗಳು ದಶಕಗಳಿಂದಲೇ ಇವೆ. ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ.

ಬೋಯಿಂಗ್ 777ರಲ್ಲಿ ಏನಾಯಿತು ಅಂತ ಹೇಳಲೇಬೇಕು. ಅದರ ಒಂದೊಂದು ಬಾಡಿ ಜೋಡಿಸಲು ಸುಮಾರು 60,000 ಫಾಸ್ಟ್‌ನರ್ ಬೇಕು. ಇದನ್ನು ಕೂಕಾ ಕಂಪನಿಯ ರೋಬೋಟ್‌ಗಳಿಂದ ಮಾಡಿಸುತ್ತೇವೆ ಎಂದು ಬೋಯಿಂಗ್ 2014ರಲ್ಲಿ ಹೇಳಿತು. ಬಾಡಿಯ ಹೊರಗೊಂದು ರೋಬೋಟ್, ಒಳಗೊಂದು. ಎರಡೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನಿಂತು ಕೆಲಸ ಮಾಡಬೇಕು. ಆದರೆ ಅವೆರಡರ ತಾಳ ತಪ್ಪುತ್ತಲೇ ಇತ್ತು. ಬಿಟ್ಟುಹೋದ ಕೆಲಸವನ್ನು ಜನರೇ ಕೈಯಲ್ಲಿ ಮುಗಿಸಬೇಕಾಯಿತು. ಕೊನೆಗೆ 2019ರಲ್ಲಿ ಕಂಪನಿ ಆ ಪದ್ಧತಿಯನ್ನೇ ಕೈಬಿಟ್ಟಿತು. ಅದರ ಬದಲಿಗೆ ಬಂದದ್ದು ಫ್ಲೆಕ್ಸ್ ಟ್ರ್ಯಾಕ್. ಬಾಡಿಯ ಮೇಲೆ ಒಂದು ಹಳಿ ಕೂರಿಸುತ್ತಾರೆ. ಅದರ ಮೇಲೆ ಸರಿಯುತ್ತಾ ಮೆಷಿನ್ ತೂತು ಕೊರೆಯುತ್ತದೆ. ಆ ತೂತಿಗೆ ಫಾಸ್ಟ್‌ನರ್ ಹಾಕುವುದು ಮೆಕ್ಯಾನಿಕ್.

ಇದನ್ನು ಹಿಡಿದುಕೊಂಡು "ನೋಡಿ, ರೋಬೋಟ್ ಸೋತಿತು" ಎನ್ನುವವರು ತುಂಬಾ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ರೋಬೋಟ್ ಹೋದರೂ ತೂತು ಕೊರೆಯುವ ಕೆಲಸ ವಾಪಸ್ ಕೈಗೆ ಬರಲಿಲ್ಲ ಅಲ್ವಾ? ಅದೇ 2019ರಲ್ಲಿ ಏರ್‌ಬಸ್ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 20 ರೋಬೋಟ್‌ಗಳಿರುವ ಎ320 ಲೈನ್ ಶುರು ಮಾಡಿತು. ಬಾಡಿಯ ಎರಡು ತುಂಡುಗಳನ್ನು ಸುತ್ತಲೂ ಸೇರಿಸುವ ಒಂದೊಂದು ಜಾಯಿಂಟ್‌ಗೆ ಅಲ್ಲಿ 3,000 ರಿವೆಟ್. ಕೊರೆಯುವುದು, ಸೀಲೆಂಟ್ (ಸಂದಿ ಮುಚ್ಚುವ ಅಂಟು) ಹಚ್ಚುವುದು, ರಿವೆಟ್ ತೂರಿಸುವುದು ಎಲ್ಲ ರೋಬೋಟ್‌ಗಳದೇ.

ಹಾಗಾದರೆ ಕೈಗೆ ಉಳಿಯುವುದೇನು? ಕೈಯಲ್ಲಿ ರಿವೆಟ್ ಹೊಡೆಯುವುದನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಒಬ್ಬ ಹೊರಗೆ ನಿಂತು ರಿವೆಟ್ ಗನ್ ಹಿಡಿದಿರುತ್ತಾನೆ. ಇನ್ನೊಬ್ಬ ಒಳಗೆ, ಫ್ರೇಮ್‌ಗಳ ಸಂದಿಯಲ್ಲಿ ಕೈ ತೂರಿಸಿ, ಬಕಿಂಗ್ ಬಾರ್ ಎಂಬ ಉಕ್ಕಿನ ತುಂಡನ್ನು ರಿವೆಟ್‌ನ ಬಾಲಕ್ಕೆ ಒತ್ತಿ ಹಿಡಿದಿರುತ್ತಾನೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಸದ್ದಿಗೆ ಇಬ್ಬರ ಕಿವಿಯೂ ಮುಚ್ಚಿರುತ್ತದೆ. ಮಾತೆಲ್ಲ ತಟ್ಟುವುದರಲ್ಲೇ. ಒಳಗಿನವನು ಒಂದು ಸಲ ತಟ್ಟಿದರೆ ಇನ್ನೂ ಹೊಡಿ, ಎರಡು ಸಲ ತಟ್ಟಿದರೆ ಸರಿಯಾಯಿತು, ಮೂರು ಸಲ ಅಂದರೆ ರಿವೆಟ್ ಕೆಟ್ಟಿದೆ, ತೆಗಿ. ಬಾರ್ ಚೂರು ಓರೆಯಾದರೂ ರಿವೆಟ್‌ನ ಬಾಲ ಒಂದು ಕಡೆಗೆ ಮಲಗಿಬಿಡುತ್ತದೆ. ಗನ್ ಓರೆಯಾದರೆ ಸ್ಕಿನ್, ಅಂದರೆ ಹೊರಗಿನ ತಗಡಿನ ಮೇಲೆ ಅರ್ಧಚಂದ್ರದಂತೆ ಗಾಯವಾಗುತ್ತದೆ. ಎದುರಿಗಿರುವ ಬಯಲು ಪ್ಯಾನೆಲ್‌ನಲ್ಲಿ ಈ ಕೆಲಸವನ್ನು ಮೆಷಿನ್ ನನಗಿಂತ ಚೆನ್ನಾಗಿ ಮಾಡುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಜನರ ಮಣಿಕಟ್ಟು, ಭುಜ ಉಳಿಯುತ್ತದೆ, ಒಳ್ಳೆಯದೇ ಆಯಿತು. ಆದರೆ ಬಾಗಿಲಿನ ಚೌಕಟ್ಟು, ನೆಲದ ಬೀಮ್ ಬಂದು ಸೇರುವ ಮೂಲೆ, ವಿಮಾನದ ಬಾಲದ ಹತ್ತಿರ ಕಿರಿದಾಗುವ ಜಾಗ, ಇಲ್ಲೆಲ್ಲ ರೋಬೋಟ್‌ನ ತೋಳೇ ಹಿಡಿಸುವುದಿಲ್ಲ.

ಇನ್ನೊಂದು ತೊಂದರೆ, ಡ್ರಾಯಿಂಗ್‌ನಲ್ಲಿ ಎರಡು ಭಾಗಗಳು ಕೂತಂತೆ ನಿಜವಾಗಿ ಕೂರುವುದಿಲ್ಲ. ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಫೀಲರ್ ಗೇಜ್ ಎಂಬ ತೆಳು ಅಳತೆ ಪಟ್ಟಿ ಹಾಕಿ ಅಳೆದು, ಅದಕ್ಕೆ ತಕ್ಕಂತೆ ಶಿಮ್ (ಸಂದಿ ತುಂಬುವ ತೆಳು ತುಂಡು) ಉಜ್ಜಿ ಕೂರಿಸಬೇಕು. ಸುಮ್ನೆ ಬಿಗಿದರೆ ಇವತ್ತು ಕೂತುಕೊಳ್ಳುತ್ತದೆ, ವರ್ಷಗಳಾದ ಮೇಲೆ ಅಲ್ಲೇ ಬಿರುಕು ಬಿಡಬಹುದು. ರೆಕ್ಕೆಯ ಒಳಗೆ ಇಂಧನದ ಟ್ಯಾಂಕ್ ಇರುತ್ತದಲ್ಲ, ಅದರೊಳಗೂ ಅಷ್ಟೆ. ಮೈ ಹಿಡಿಸುವಷ್ಟೇ ಅಗಲದ ಕಿಂಡಿಯಲ್ಲಿ ನುಸುಳಿ, ಟಾರ್ಚ್ ಬೆಳಕಲ್ಲಿ ಫಾಸ್ಟ್‌ನರ್‌ಗಳಿಗೂ ಅಂಚುಗಳಿಗೂ ಸೀಲೆಂಟ್ ಹಚ್ಚುವುದು ಇವತ್ತಿಗೂ ಬಹುಪಾಲು ಜನರದೇ ಕೆಲಸ.

ವೈರಿಂಗ್ ಅಂತೂ ಕೇಳಲೇಬೇಡಿ. ಏರ್‌ಬಸ್ ಎ380ರಲ್ಲಿ ಸುಮಾರು 530 ಕಿಲೋಮೀಟರ್ ವೈರ್ ಇದೆ. ಲೋಹದ ಪ್ಯಾನೆಲ್ ಇಟ್ಟಲ್ಲೇ ಇರುತ್ತದೆ. ವೈರ್‌ನ ಕಟ್ಟು ಜೋಲುತ್ತದೆ, ತಿರುಚಿಕೊಳ್ಳುತ್ತದೆ, ಸಲಕ್ಕೊಂದು ಆಕಾರ. ಅದನ್ನು ಹಿಡಿದು ಎಳೆದು ಕ್ಲ್ಯಾಂಪ್ ಹಾಕಲು ರೋಬೋಟ್‌ಗೆ ಕಷ್ಟ. 2006ರಲ್ಲಿ ಈ ಎ380 ಲೈನೇ ವೈರ್‌ನಿಂದ ನಿಂತುಹೋಯಿತು. ಜರ್ಮನಿಯವರ ಡಿಸೈನ್ ಸಾಫ್ಟ್‌ವೇರ್‌ನ ಆವೃತ್ತಿ ಒಂದು, ಫ್ರಾನ್ಸ್‌ನವರದು ಇನ್ನೊಂದು. ಹ್ಯಾಂಬರ್ಗ್‌ನಿಂದ ಬಂದ ವೈರ್‌ಗಳು ಟುಲೂಸ್‌ನಲ್ಲಿ ಕೂರಿಸುವಾಗ ಗಿಡ್ಡ ಬಿದ್ದವು! ನೂರಾರು ಜರ್ಮನ್ ಕೆಲಸಗಾರರು ಟುಲೂಸ್‌ಗೆ ಹೋಗಿ ಕೈಯಲ್ಲೇ ಸರಿಮಾಡಬೇಕಾಯಿತು.

ಜನ ಎಷ್ಟು ಬೇಕು ಅನ್ನುವುದಕ್ಕೆ 2024ರ ಬೋಯಿಂಗ್ ಮುಷ್ಕರ ನೋಡಿ. ಸುಮಾರು 33,000 ಕೆಲಸಗಾರರು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಏಳು ವಾರಕ್ಕೂ ಜಾಸ್ತಿ, ಹೊರಗೆ ಉಳಿದರು. 737ರ ತಯಾರಿಕೆಯೇ ನಿಂತಿತು. ಕೊನೆಗೆ ನಾಲ್ಕು ವರ್ಷಕ್ಕೆ ಒಟ್ಟು 38% ಸಂಬಳ ಏರಿಕೆಗೆ ಕಂಪನಿ ಒಪ್ಪಿತು. ರೋಬೋಟ್‌ನಿಂದ ಸಾಗುವ ಹಾಗಿದ್ದರೆ ಒಪ್ಪುತ್ತಿತ್ತಾ?

ಹಾಗಂತ ಕೆಲಸ ಕಡಿಮೆಯಾಗುವುದೇ ಇಲ್ಲ ಅಂತಲ್ಲ. ನನ್ನ ಪ್ರಕಾರ ನಾವು ನಿಜವಾಗಿ ಭಯಪಡಬೇಕಾದ್ದು ರೋಬೋಟ್‌ಗಲ್ಲ, ಡಿಸೈನ್ ಮಾಡುವವರಿಗೆ. ಬೋಯಿಂಗ್ 787ರ ಬಾಡಿಯನ್ನು ಕಾರ್ಬನ್ ಫೈಬರ್‌ನಲ್ಲಿ ದೊಡ್ಡ ದೊಡ್ಡ ಕೊಳವೆಗಳಂತೆ ಒಂದೇ ತುಂಡಾಗಿ ಮಾಡುತ್ತಾರೆ. ಅಂಥ ಒಂದು ತುಂಡಿನಿಂದ 1,500 ಅಲ್ಯೂಮಿನಿಯಂ ತಗಡು, 40,000ದಿಂದ 50,000 ಫಾಸ್ಟ್‌ನರ್ ಉಳಿತಾಯವಾಗುತ್ತದೆ ಎಂದು ಬೋಯಿಂಗ್ ಹೇಳಿಕೊಂಡಿತ್ತು. ಅಷ್ಟು ರಿವೆಟ್ಟೇ ಬೇಡ ಅಂದಮೇಲೆ ಹೊಡೆಯುವವನು ಯಾಕೆ ಬೇಕು? ಸಮಾಧಾನ ಅಂದರೆ ಹೊಸ ಡಿಸೈನ್ ಅಪರೂಪಕ್ಕೆ ಬರುತ್ತದೆ. 737 ಮೊದಲು ಹಾರಿದ್ದು 1967ರಲ್ಲಿ, ಎ320 ಹಾರಿದ್ದು 1987ರಲ್ಲಿ. ಬದಲಾಗುತ್ತಾ ಬಂದರೂ ಎರಡೂ ಇನ್ನೂ ಅಲ್ಯೂಮಿನಿಯಂ ಬಾಡಿಯಲ್ಲೇ ತಯಾರಾಗುತ್ತಿವೆ.

ನಿಮ್ಮ ತಮ್ಮನ ವಿಷಯದಲ್ಲಿ ನನ್ನ ಚಿಂತೆ ಬೇರೆ. ನಾವೆಲ್ಲ ಕೆಲಸ ಕಲಿತದ್ದು ಬಯಲು ಪ್ಯಾನೆಲ್‌ಗಳ ಮೇಲೆ. ಉದ್ದಕ್ಕೆ ಒಂದೇ ಥರದ ತೂತು, ಒಂದೇ ಥರದ ರಿವೆಟ್. ಅಲ್ಲಿ ಕೈ ಕುದುರಿದ ಮೇಲೆ ಮೂಲೆಗಳಿಗೆ ಬಿಡುತ್ತಿದ್ದರು. ಈಗ ಮೆಷಿನ್ ತೆಗೆದುಕೊಂಡಿರುವುದು ಆ ಸುಲಭದ ಕೆಲಸವನ್ನೇ. ಹೊಸ ಹುಡುಗ ಬಂದ ತಕ್ಷಣ ಕಷ್ಟದ ಮೂಲೆಗೇ ಕೈ ಹಾಕಬೇಕು. ಹಳಬರು ರಿಟೈರ್ ಆಗುತ್ತಿದ್ದಾರೆ, ಹೊಸಬರಿಗೆ ಕಲಿಯಲು ಜಾಗವಿಲ್ಲ. ಇದನ್ನು ಕಂಪನಿಗಳು ಸರಿಯಾಗಿ ಯೋಚಿಸಿದಂತೆ ನನಗೆ ಕಾಣುವುದಿಲ್ಲ.

ಅದಕ್ಕೇ ಟ್ರೇನಿಂಗ್ ಸೆಂಟರ್‌ಗೆ ಹೋಗಿ ಮೊದಲು ವಿಚಾರಿಸಿ. ಕೆಟ್ಟ ರಿವೆಟ್ ತೆಗೆದು ತೂತು ಹಾಳಾಗದಂತೆ ಹೊಸದು ಹಾಕುವುದನ್ನು ಕಲಿಸುತ್ತಾರಾ? ಶಿಮ್, ಸೀಲೆಂಟ್, ವೈರ್ ಕ್ರಿಂಪಿಂಗ್ (ವೈರ್ ತುದಿಗೆ ಲೋಹದ ತುಂಡು ಒತ್ತಿ ಕೂರಿಸುವುದು) ಇದೆಯಾ? ಡ್ರಿಲ್ಲಿಂಗ್ ಮೆಷಿನ್ ನಿಂತಾಗ ಯಾಕೆ ನಿಂತಿತು ಎಂದು ನೋಡುವುದನ್ನು ಹೇಳಿಕೊಡುತ್ತಾರಾ? ಮಾಡಿದ ಕೆಲಸವನ್ನು, ಅದರಲ್ಲೂ ಬಿಚ್ಚಿದ ಭಾಗವನ್ನು ದಾಖಲೆಯಲ್ಲಿ ಬರೆಯುವುದು ಇದೆಯಾ? 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ 737 ಮ್ಯಾಕ್ಸ್ 9ರಿಂದ ಡೋರ್ ಪ್ಲಗ್ (ಬಳಸದ ಬಾಗಿಲಿನ ಜಾಗ ಮುಚ್ಚುವ ಪ್ಯಾನೆಲ್) ಆಕಾಶದಲ್ಲೇ ಕಿತ್ತುಹೋಯಿತಲ್ಲ, ಅದನ್ನು ಫ್ಯಾಕ್ಟರಿಯಲ್ಲಿ ತೆಗೆದದ್ದು ಪಕ್ಕದ ರಿವೆಟ್‌ಗಳನ್ನು ರಿಪೇರಿ ಮಾಡಲು. ತೆಗೆದದ್ದಕ್ಕೆ ದಾಖಲೆ ಇರಲಿಲ್ಲ, ನಾಲ್ಕು ಬೋಲ್ಟ್ ವಾಪಸ್ ಹಾಕಿರಲಿಲ್ಲ. ಇದನ್ನೆಲ್ಲ ಕಲಿಸುವ ಜಾಗವಾದರೆ ಫೀಸ್ ಸ್ವಲ್ಪ ಜಾಸ್ತಿಯಾದರೂ ಸೇರಿಸಿ. ಚಪ್ಪಟೆ ತಗಡಿನ ಮೇಲೆ ತೂತು ಕೊರೆಸಿ ಸರ್ಟಿಫಿಕೇಟ್ ಕೊಡುವ ಜಾಗವಾದರೆ ಬೇರೆ ಕಡೆ ನೋಡಿ.