ಗ್ಲೈಡರ್ ಬಾಡಿ ಜೋಡಿಸುವಾಗ ಬಾಲ ಒಂದು ಪಕ್ಕಕ್ಕೆ ಬಾಗುತ್ತೆ, ನೇರ ಕೂರಿಸೋದು ಹೇಗೆ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡ್ಕೊಂಡಿರೋದು ಹೀಗೆ: ಎರಡು ಮೀಟರ್ ರೆಕ್ಕೆಯ ಬಾಲ್ಸಾ (ಹಗುರ ಮರ) ಆರ್‌ಸಿ, ಅಂದ್ರೆ ರಿಮೋಟ್‌ನಲ್ಲಿ ಹಾರಿಸೋ, ಗ್ಲೈಡರ್ ಕಿಟ್, ರೆಕ್ಕೆ ಕಟ್ಟಿ ಮುಗಿದಿದೆ, ಈಗ ಫ್ಯೂಸಲಾಜ್‌ಗೆ, ಅಂದ್ರೆ ಬಾಡಿಗೆ, ಕೈ ಹಾಕಿದ್ರೆ ಎರಡೂ ಸೈಡ್ ಶೀಟ್‌ಗಳನ್ನ ಬಾಲದ ತುದೀಲಿ ಸೇರಿಸಿದ ತಕ್ಷಣ ಇಡೀ ಬಾಡಿ ಬಿಲ್ಲಿನ ಥರ ಎಡಕ್ಕೆ ಬಾಗ್ತಿದೆ, ಎರಡು ಸಲ ಬಿಡಿಸಿ ಮತ್ತೆ ಅಂಟಿಸಿದ್ರೂ ಹಾಗೇ ಆಗ್ತಿದೆ. ಯಾವ ಅಂಟು ಬಳಸ್ಬೇಕು, ಬ್ಯಾಲೆನ್ಸ್‌ಗೆ ಮೂಗಲ್ಲಿ ಎಷ್ಟು ಸೀಸ ಹಾಕ್ಬೇಕು ಅಂತಾನೂ ಕೇಳಿದೀರ.

ಮೊದಲು ಬಾಗೋ ವಿಷಯ, ಉಳಿದಿದ್ದೆಲ್ಲ ಅದಾದ್ಮೇಲೆ. ಇದು ನಿಮ್ಮ ಕೈಯ ತಪ್ಪಲ್ಲ, ಅಂಟಿನ ತಪ್ಪೂ ಅಲ್ಲ, ಹೆಚ್ಚಿನ ಸಲ ಮರದ ತಪ್ಪು. ಬಾಲ್ಸಾ ಅಂದ್ರೆ ಒಂದೇ ಥರದ ಮರ ಅಂದ್ಕೋತೀವಿ, ಆದ್ರೆ ನಾವು ಮಾಡೆಲ್‌ಗೆ ಬಳಸೋ ಶೀಟ್‌ಗಳಲ್ಲೇ ಒಂದು ಘನ ಮೀಟರಿಗೆ 100 ಕೆಜಿ ಇರೋದೂ ಇರುತ್ತೆ, 200 ಕೆಜಿ ಇರೋದೂ ಇರುತ್ತೆ, ನೋಡೋಕೆ ಎರಡೂ ಒಂದೇ ಬಿಳಿ, ಒಂದೇ ದಪ್ಪ. ಕಿಟ್‌ನಲ್ಲಿ ಎಡ ಸೈಡು ಒಂದು ಶೀಟಿಂದ, ಬಲ ಸೈಡು ಇನ್ನೊಂದು ಶೀಟಿಂದ ಕತ್ತರಿಸಿ ಬಂದಿದ್ರೆ ಒಂದು ಗಟ್ಟಿ, ಒಂದು ಮೆತ್ತಗೆ ಆಗೋದು ಸಹಜ. ಎರಡನ್ನೂ ಒಳಗೆ ಎಳೆದು ತುದೀಲಿ ಸೇರಿಸಿದಾಗ ಎರಡೂ ಹೊರಗೆ ಹೋಗೋಕೆ ಒದ್ದಾಡುತ್ವೆ, ಗಟ್ಟಿ ಇರೋದು ಗೆಲ್ಲುತ್ತೆ, ಬಾಲವನ್ನ ತನ್ನ ಕಡೆಗೆ ಎಳ್ಕೊಳ್ಳುತ್ತೆ. ನಿಮ್ದು ಎಡಕ್ಕೆ ಬಾಗ್ತಿದೆ ಅಂದ್ರೆ ಎಡ ಸೈಡು ಗಟ್ಟಿ ಇರ್ಬೇಕು. ಗ್ರಾಂ ತೋರಿಸೋ ಸಣ್ಣ ತಕ್ಕಡಿ ಇದ್ರೆ ಎರಡನ್ನೂ ಬೇರೆ ಬೇರೆ ತೂಗಿ ನೋಡಿ. ತಕ್ಕಡಿ ಇಲ್ದಿದ್ರೆ ಮೇಜಿನ ಅಂಚಿಂದ ಎರಡನ್ನೂ ಒಂದೇ ಉದ್ದಕ್ಕೆ ಹೊರಗೆ ಚಾಚಿ ಹಿಡ್ಕೊಂಡು ತುದಿ ಮೇಲೆ ಒಂದೇ ನಾಣ್ಯ ಇಟ್ಟು ಯಾವುದು ಹೆಚ್ಚು ಬಗ್ಗುತ್ತೆ ನೋಡಿ, ತಕ್ಷಣ ಗೊತ್ತಾಗುತ್ತೆ.

ಎರಡನೇ ಕಾರಣ ಡಬ್ಲರ್. ಮೂಗಿಂದ ರೆಕ್ಕೆ ಕೂರೋ ಜಾಗದ ತನಕ ಸೈಡ್ ಒಳಗೆ ತೆಳು ಪ್ಲೈ ಅಂಟಿಸ್ತೀವಲ್ಲ, ಅದು ಎಲ್ಲಿ ಮುಗಿಯುತ್ತೋ ಅಲ್ಲಿಂದಲೇ ಬಾಲ್ಸಾ ಬಗ್ಗೋಕೆ ಶುರು ಮಾಡೋದು. ಎಡ ಡಬ್ಲರ್ ಬಲಕ್ಕಿಂತ ಮೂರು ಮಿಲಿಮೀಟರ್ ಹಿಂದೆ ಮುಗಿದಿದ್ರೂ ಎರಡೂ ಸೈಡು ಬೇರೆ ಬೇರೆ ಜಾಗದಲ್ಲಿ ಬಗ್ಗುತ್ವೆ, ಬಾಲ ಓರೆ ಆಗುತ್ತೆ. ಎರಡೂ ಸೈಡನ್ನ ಒಂದರ ಮೇಲೊಂದು ಇಟ್ಟು ಡಬ್ಲರ್ ಅಂಚು ತಾಳೆ ಆಗುತ್ತಾ ನೋಡಿ, ಮತ್ತೆ ಆ ಹಿಂದಿನ ಅಂಚನ್ನ ಒಮ್ಮೆಲೇ ಕತ್ತರಿಸಿದ ಹಾಗೆ ಬಿಡ್ಬೇಡಿ, ಉಪ್ಪುಕಾಗದದಲ್ಲಿ ಇಳಿಜಾರು ಮಾಡಿ, ಇಲ್ಲಾಂದ್ರೆ ಜೋರಾಗಿ ನೆಲಕ್ಕೆ ಇಳಿದಾಗ ಬಾಡಿ ಮುರಿಯೋದೂ ಅದೇ ಗೆರೆ ಮೇಲೆ.

ಸರಿ ಮಾಡೋದು ಹೇಗೆ? ಹೊಸ ಶೀಟ್ ಇದ್ರೆ ಒಂದೇ ತೂಕದ ಎರಡು ಆರಿಸಿ ಸೈಡ್‌ಗಳನ್ನ ಮತ್ತೆ ಕತ್ತರಿಸೋದೇ ಒಳ್ಳೇದು, ಅರ್ಧ ದಿನದ ಕೆಲಸ. ಇಲ್ಲಾಂದ್ರೆ ನೀರು. ಎರಡೂ ಸೈಡಿನ ಹೊರ ಮೈಯನ್ನ ಬಗ್ಗೋ ಜಾಗದಿಂದ ಬಾಲದ ತನಕ ಒದ್ದೆ ಬಟ್ಟೇಲಿ ಚೆನ್ನಾಗಿ ಒರೆಸಿ, ಗಟ್ಟಿ ಸೈಡಿಗೆ ಇನ್ನೂ ಎರಡು ಸಲ ಜಾಸ್ತಿ. ಒದ್ದೆಯಾದ ಮೈ ಹಿಗ್ಗುತ್ತೆ, ಅದಕ್ಕೆ ಮರ ತಾನಾಗೇ ಒಣಗಿದ ಕಡೆಗೆ, ಅಂದ್ರೆ ಒಳಕ್ಕೆ ಬಗ್ಗುತ್ತೆ, ನಮಗೆ ಬೇಕಾಗಿರೋದೂ ಅದೇ. ಹಾಗೇ ಒಳಕ್ಕೆ ಎಳೆದು, ತುದೀಲಿ ಬಟ್ಟೆ ಕ್ಲಿಪ್ ಹಾಕಿ, ಅಂಟು ಹಚ್ಚದೇ, ಬೋರ್ಡ್ ಮೇಲೆ ನೇರ ಗೆರೆಗೆ ಗುಂಡುಸೂಜಿ ಹೊಡೆದು ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಕ್ಲಿಪ್ ತೆಗೆದ್ರೆ ಸೈಡ್‌ಗಳು ಅರ್ಧಕ್ಕರ್ಧ ಅದೇ ಆಕಾರದಲ್ಲಿ ನಿಂತಿರುತ್ವೆ, ಈಗ ಒದ್ದಾಟ ಇಲ್ಲ, ಅಂಟು ಹಚ್ಚಿ. ನೀವು ಎರಡು ಸಲ ಬಿಡಿಸಿದೀರಲ್ಲ, ಮರಕ್ಕೆ ಒತ್ತಡ ಹಾಗೇ ಇಟ್ಟು ಅಂಟಿನ ಬಲದಲ್ಲಿ ಹಿಡಿದಿಡೋಕೆ ನೋಡಿದ್ದೇ ತೊಂದರೆ ಆಗಿರೋದು ಅಂತ ನನಗನ್ಸುತ್ತೆ. ಒತ್ತಡ ತುಂಬಿದ ಬಾಡಿ ಇವತ್ತು ನೇರ ಕಂಡ್ರೂ ಬಿಸಿಲಲ್ಲಿ ನಾಲ್ಕು ಸಲ ಇಟ್ಟು ತೆಗೆದ್ಮೇಲೆ ಮತ್ತೆ ಬಾಗುತ್ತೆ.

ಈಗ ಜೋಡಿಸೋ ಕ್ರಮ. ಬೋರ್ಡ್ ಸಪಾಟಾಗಿರ್ಲಿ, ಪ್ಲಾನ್ (ಕಿಟ್‌ನ ನಕ್ಷೆ) ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲಾಂದ್ರೆ ಬಾಡಿ ಪ್ಲಾನಿಗೇ ಅಂಟ್ಕೊಳ್ಳುತ್ತೆ. ಪ್ಲಾನ್‌ನ ನಡುಗೆರೆಯನ್ನ ಸ್ಕೇಲ್ ಇಟ್ಟು ಬೋರ್ಡಿನ ಎರಡೂ ತುದಿ ತನಕ ಉದ್ದ ಮಾಡಿ ಎಳೀರಿ. ಪ್ರತಿ ಫಾರ್ಮರ್ (ಎರಡು ಸೈಡ್‌ಗಳ ನಡುವೆ ಅಡ್ಡಕ್ಕೆ ನಿಲ್ಲೋ ಚೌಕಟ್ಟು) ಮೇಲೂ ಅಂಟಿಸೋ ಮೊದ್ಲೇ ಮೇಲೆ ಕೆಳಗೆ ಎರಡೂ ಅಂಚಲ್ಲಿ ಪೆನ್ಸಿಲ್‌ನಲ್ಲಿ ನಡು ಗುರುತು ಹಾಕಿ, ಇದನ್ನ ಬಿಡ್ಲೇಬೇಡಿ, ಆಮೇಲೆ ಹಾಕೋಕೆ ಆಗಲ್ಲ. ಸೈಡ್‌ಗಳ ಒಳ ಮೈ ಮೇಲೆ ‘ಎಡ ಒಳಗೆ’, ‘ಬಲ ಒಳಗೆ’ ಅಂತ ಬರೀರಿ. ನನ್ನ ಮೊದಲ ಗ್ಲೈಡರ್‌ನಲ್ಲಿ ಡಬ್ಲರ್ ಅಂಟಿಸೋವಾಗ ಎರಡೂ ಎಡ ಸೈಡೇ ಮಾಡಿಟ್ಟಿದ್ದೆ, ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚೋ ಅಂಟು) ಒಣಗಿದ್ಮೇಲೆ ಗೊತ್ತಾಗಿದ್ದು, ಪೂರ್ತಿ ಒಂದು ಸೈಡ್ ಹೊಸದಾಗಿ ಮಾಡ್ಬೇಕಾಯ್ತು. ಆವತ್ತಿಂದ ಎರಡೂ ಸೈಡನ್ನ ಪುಸ್ತಕ ಬಿಚ್ಚಿದ ಹಾಗೆ ಪಕ್ಕ ಪಕ್ಕ ಇಟ್ಟು, ಮೂಗು ಒಂದೇ ದಿಕ್ಕಿಗೆ ಇದೆಯಾ ನೋಡಿ ಆಮೇಲೇ ಅಂಟು ಕಲಸೋದು.

ಮೂಗಿಂದ ಶುರು ಮಾಡ್ಬೇಡಿ, ಬಾಲದಿಂದಲೂ ಬೇಡ. ರೆಕ್ಕೆ ಕೂರೋ ಜಾಗದಲ್ಲಿ ಮುಂದೊಂದು ಹಿಂದೊಂದು ಎರಡು ಫಾರ್ಮರ್ ಬರುತ್ವಲ್ಲ, ಅಲ್ಲಿ ಎರಡೂ ಸೈಡು ಒಂದಕ್ಕೊಂದು ಸಮಾನಾಂತರ ಇರುತ್ವೆ, ಅದು ಡಬ್ಬಿ ಥರ, ಅಲ್ಲಿಂದ ಶುರು. ಬಾಡಿಯ ಯಾವ ಅಂಚು ನೇರ ಇದೆಯೋ (ಹೆಚ್ಚಿನ ಗ್ಲೈಡರ್‌ಗಳಲ್ಲಿ ಮೇಲಿನ ಅಂಚು) ಅದನ್ನ ಬೋರ್ಡ್ ಮೇಲೆ ಕೆಳಮುಖ ಇಟ್ಟು ಬಾಡಿಯನ್ನ ತಲೆಕೆಳಗಾಗಿ ಕಟ್ಟೋದು ಸುಲಭ. ಎರಡು ಫಾರ್ಮರ್ ನಿಲ್ಲಿಸಿ, ಮೂಲೆಮಟ್ಟ ಇಟ್ಟು ನೋಡಿ, ನಡು ಗುರುತು ನಡುಗೆರೆ ಮೇಲೆ ಇದೆಯಾ ನೋಡಿ, ರಬ್ಬರ್ ಬ್ಯಾಂಡ್ ಹಾಕಿ ಬಿಗಿ ಮಾಡಿ ಒಣಗೋಕೆ ಬಿಡಿ. ಈ ಡಬ್ಬಿ ಚೌಕವಾಗಿ ಬಂದ್ರೆ ಅರ್ಧ ಗೆದ್ದ ಹಾಗೆ, ಇದು ತಿರುಚಿದ್ರೆ ಮುಂದೆ ಏನು ಮಾಡಿದ್ರೂ ರೆಕ್ಕೆ ಒಂದು ಕಡೆ, ಸ್ಟ್ಯಾಬ್ (ಬಾಲದ ಅಡ್ಡ ರೆಕ್ಕೆ) ಇನ್ನೊಂದು ಕಡೆ ವಾಲಿರುತ್ತೆ. ಆಮೇಲೆ ಬಾಲದ ತುದಿ ಸೇರಿಸಿ, ತುದಿಯ ಕೂಡುಗೆರೆ ನಡುಗೆರೆ ಮೇಲೆ ಸರಿಯಾಗಿ ನಿಲ್ಲೋ ಹಾಗೆ ಎರಡೂ ಪಕ್ಕ ಮರದ ತುಂಡು ಇಟ್ಟು ಸಿಗಿಸಿ, ನಡುವಿನ ಫಾರ್ಮರ್‌ಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಒಂದೊಂದಾಗಿ ಹಾಕ್ತಾ ಹೋಗಿ. ಫಾರ್ಮರ್ ಒತ್ತಿ ತುರುಕೋ ಹಾಗಿದ್ರೆ ತುರುಕ್ಬೇಡಿ, ಫಾರ್ಮರನ್ನ ಸವೆಸಿ, ಯಾಕಂದ್ರೆ ಅರ್ಧ ಮಿಲಿಮೀಟರ್ ಅಗಲ ಜಾಸ್ತಿ ಇರೋ ಫಾರ್ಮರ್ ಸೈಡನ್ನ ಉಬ್ಬಿಸುತ್ತೆ, ಮೇಲೆ ಕವರಿಂಗ್ (ಹೊರಗಿನ ತೆಳು ಹೊದಿಕೆ) ಹಾಕಿದ್ಮೇಲೆ ಅದು ಹಸಿದ ಹಸುವಿನ ಪಕ್ಕೆಲುಬಿನ ಥರ ಕಾಣುತ್ತೆ.

ಪ್ರತಿ ಹಂತದಲ್ಲೂ ಮೂಗಿಂದ ಬಾಲಕ್ಕೆ ಒಂದು ದಾರ ಬಿಗಿಯಾಗಿ ಕಟ್ಟಿ ಮೇಲಿಂದ ಒಂದೇ ಕಣ್ಣಲ್ಲಿ ನೋಡಿ, ಎಲ್ಲ ಫಾರ್ಮರ್‌ಗಳ ನಡು ಗುರುತು ದಾರದ ಕೆಳಗೇ ಇರ್ಬೇಕು. ಅಳತೆ ಪಟ್ಟಿಗಿಂತ ದಾರ ನಂಬಿಕಸ್ತ.

ಅಂಟು. ಡಬ್ಲರ್‌ಗೆ ನೀರಿನ ಅಂಟು, ಅಂದ್ರೆ ಬಿಳಿ ವುಡ್ ಗ್ಲೂ ಬೇಡ, ತೆಳು ಬಾಲ್ಸಾ ನೀರು ಕುಡಿದು ಸುರುಳಿ ಆಗುತ್ತೆ. ನಿಧಾನಕ್ಕೆ ಒಣಗೋ ಎಪಾಕ್ಸಿಯನ್ನ ಹಳೇ ಪ್ಲಾಸ್ಟಿಕ್ ಕಾರ್ಡಿನಲ್ಲಿ ತೆಳ್ಳಗೆ ಸವರಿ, ಸಪಾಟು ಜಾಗದಲ್ಲಿ ಮೇಲೆ ದಪ್ಪ ಪುಸ್ತಕಗಳನ್ನ ಹೇರಿ. ಫಾರ್ಮರ್‌ಗಳಿಗೆ ಬಿಳಿ ಅಂಟೇ ನನಗಿಷ್ಟ, ಅಡ್ಜಸ್ಟ್ ಮಾಡೋಕೆ ಸಮಯ ಸಿಗುತ್ತೆ, ಒಣಗಿದ್ಮೇಲೂ ಸ್ವಲ್ಪ ಬಳುಕುತ್ತೆ. ತೆಳು ಸಿಎ, ಅಂದ್ರೆ ಸೂಪರ್ ಗ್ಲೂ, ಹಾಕಿದ್ರೆ ಎರಡು ಸೆಕೆಂಡಲ್ಲಿ ಹಿಡಿದುಬಿಡುತ್ತೆ, ಓರೆ ಕೂತಿದ್ರೆ ಓರೇನೇ, ಮತ್ತೆ ಅದು ಗಾಜಿನ ಥರ, ಪೆಟ್ಟು ಬಿದ್ರೆ ಸಿಡಿಯುತ್ತೆ. ಮೂಗಿನ ಫಾರ್ಮರ್, ರೆಕ್ಕೆ ಬೋಲ್ಟ್ ಕೂರೋ ಪ್ಲೈ, ಟೋ ಹುಕ್ (ಗ್ಲೈಡರನ್ನ ಮೇಲೆಳೆಯೋ ಹಗ್ಗ ಸಿಗಿಸೋ ಕೊಕ್ಕೆ) ಕೂರೋ ತುಂಡು, ಡಬ್ಲರ್ ಬಿಟ್ರೆ ಈ ಮೂರಕ್ಕೆ ಮಾತ್ರ ಎಪಾಕ್ಸಿ, ಪಕ್ಕದಲ್ಲಿ ತ್ರಿಕೋನ ಪಟ್ಟಿ ಇಟ್ಟು ಬಲ ಕೊಡಿ. ಸಿಎ ಬಳಸಿದ್ರೆ ಕಿಟಕಿ ತೆಗೆದಿಡಿ, ಅದರ ಹೊಗೆ ಕಣ್ಣು ಮೂಗು ಉರಿಸುತ್ತೆ, ಉಜ್ಜೋವಾಗ ಮಾಸ್ಕ್ ಹಾಕಿ.

ಕೆಳಗಿನ ಶೀಟ್ ಮುಚ್ಚೋ ಮೊದಲು ನಿಲ್ಲಿ. ಒಳಗೆ ಹೋಗ್ಬೇಕಾಗಿರೋದೆಲ್ಲ ಈಗಲೇ ಹೋಗ್ಬೇಕು. ಎರಡನೇ ಮಹಾಯುದ್ಧದ ಮಾಸ್ಕಿಟೊ ವಿಮಾನ ಗೊತ್ತಿರ್ಬಹುದು, ಡಿ ಹ್ಯಾವಿಲೆಂಡ್‌ನವರದ್ದು, 1940ರ ನವೆಂಬರ್‌ನಲ್ಲಿ ಮೊದಲ ಸಲ ಹಾರಿದ್ದು, ಅದರ ಬಾಡಿ ಬರ್ಚ್ ಪ್ಲೈ ಪದರಗಳ ನಡುವೆ ನಮ್ಮ ಇದೇ ಬಾಲ್ಸಾ ಇಟ್ಟು ಮಾಡಿದ್ದು. ಅದನ್ನ ಎಡ ಹೋಳು, ಬಲ ಹೋಳು ಅಂತ ಎರಡಾಗಿ ಅಚ್ಚಿನ ಮೇಲೆ ಮಾಡಿ, ಒಳಗಿನ ಕಂಟ್ರೋಲ್, ಪೈಪು, ವೈರು ಬಹುಪಾಲು ಹೋಳುಗಳು ತೆರೆದಿರುವಾಗಲೇ ಕೂರಿಸಿ ಆಮೇಲೆ ಎರಡನ್ನೂ ಸೇರಿಸ್ತಿದ್ರು. ಅಷ್ಟು ದೊಡ್ಡ ವಿಮಾನದಲ್ಲೇ ಮುಚ್ಚಿದ್ಮೇಲೆ ಕೈ ಹಾಕೋದು ಕಷ್ಟ ಅಂತ ಹಾಗೆ ಮಾಡಿದ್ರೆ, ನಮ್ಮ ಗ್ಲೈಡರ್ ಬಾಲದೊಳಗೆ ಎರಡು ಬೆರಳೂ ಹೋಗಲ್ಲ.

ಹಾಗಾಗಿ ರಡ್ಡರ್ (ಎಡ ಬಲಕ್ಕೆ ತಿರುಗಿಸೋ ಬಾಲದ ಪಟ್ಟಿ), ಎಲಿವೇಟರ್ (ಮೂಗು ಏರಿಸಿ ಇಳಿಸೋ ಪಟ್ಟಿ) ಎರಡರ ಪುಶ್‌ರಾಡ್ (ಅವನ್ನ ಎಳೆದು ತಳ್ಳೋ ಕಡ್ಡಿ) ಕೊಳವೆಗಳನ್ನ ಎಲ್ಲ ಫಾರ್ಮರ್ ತೂತಲ್ಲಿ ತೂರಿಸಿ, ಪ್ರತಿ ಹತ್ತು ಹನ್ನೆರಡು ಸೆಂಟಿಮೀಟರಿಗೆ ಒಂದು ಕಡೆ ಅಂಟಿಸಿ. ಎರಡು ಫಾರ್ಮರ್ ನಡುವೆ ದೂರ ಜಾಸ್ತಿ ಇದ್ರೆ ಅಡ್ಡಕ್ಕೊಂದು ಬಾಲ್ಸಾ ಕಡ್ಡಿ ಇಟ್ಟು ಅದಕ್ಕೆ ಹಿಡಿಸಿ. ಹಿಡಿಸದೇ ಬಿಟ್ರೆ ಸರ್ವೋ (ಕಡ್ಡಿ ಆಡಿಸೋ ಸಣ್ಣ ಮೋಟರ್) ಎಳೆದಾಗ ಎಲಿವೇಟರ್ ಬರುತ್ತೆ, ತಳ್ಳಿದಾಗ ಕೊಳವೆ ಒಳಗೇ ಬಗ್ಗುತ್ತೆ, ಎಲಿವೇಟರ್ ಅರ್ಧಕ್ಕೆ ನಿಲ್ಲುತ್ತೆ, ನೆಲದ ಮೇಲೆ ಗೊತ್ತಾಗಲ್ಲ, ವೇಗದಲ್ಲಿ ಹೋಗ್ವಾಗ ಗೊತ್ತಾಗುತ್ತೆ. ಒಳಗಿನ ಕಡ್ಡಿ ಕಾರ್ಬನ್ ಅಥವಾ ತಂತಿ ಆದ್ರೆ ಒಳ್ಳೇದು, ಪ್ಲಾಸ್ಟಿಕ್ ಕಡ್ಡಿ ಬಿಸಿಲಿಗೆ ಉದ್ದ ಆಗಿ ಟ್ರಿಮ್ (ನೇರ ಹಾರೋಕೆ ಮಾಡಿಟ್ಟ ಹೊಂದಾಣಿಕೆ) ಬದಲಾಯಿಸುತ್ತೆ. ಟೋ ಹುಕ್‌ಗೆ ಗಟ್ಟಿ ಮರದ ತುಂಡನ್ನೂ ಈಗಲೇ ಅಂಟಿಸಿ, ಸಿಜಿ (ತೂಕ ಸಮ ಆಗೋ ಜಾಗ) ಗುರುತಿನ ಸುತ್ತ ಮುಂದೆ ಹಿಂದೆ ಸ್ವಲ್ಪ ಸರಿಸೋಕೆ ಜಾಗ ಇರೋಷ್ಟು ಉದ್ದ ಇರ್ಲಿ, ಹುಕ್ ಮೊದಲು ಸಿಜಿಗಿಂತ ಸ್ವಲ್ಪ ಮುಂದೆಯೇ ಇರ್ಲಿ. ರಿಸೀವರ್ ಆಂಟೆನಾ ಬಗ್ಗೆ ಒಂದೇ ಮಾತು, 2.4 ಗಿಗಾಹರ್ಟ್ಸ್‌ನ ಆಂಟೆನಾದಲ್ಲಿ ಕೆಲಸ ಮಾಡೋದು ತುದಿಯ ಸುಮಾರು 31 ಮಿಲಿಮೀಟರ್ ಮಾತ್ರ, ಅದು ಕಾರ್ಬನ್ ಕಡ್ಡಿಗೆ, ಬ್ಯಾಟರಿಗೆ ಒರಗಿಕೊಂಡಿರ್ಬಾರ್ದು, ಎರಡು ಆಂಟೆನಾ ಇದ್ರೆ ಒಂದಕ್ಕೊಂದು ಲಂಬವಾಗಿ ಇರ್ಲಿ.

ಇನ್ನು ಮುಚ್ಚೋ ಶೀಟಿನ ಎಳೆ ಅಡ್ಡಡ್ಡ ಇರ್ಬೇಕು, ಉದ್ದಕ್ಕಲ್ಲ. ಸಣ್ಣ ಸಣ್ಣ ತುಂಡು ಪಕ್ಕ ಪಕ್ಕ ಅಂಟಿಸ್ಬೇಕಾಗುತ್ತೆ, ಬೇಜಾರಿನ ಕೆಲಸ, ಆದ್ರೂ ಬಾಡಿ ತಿರುಚದ ಹಾಗೆ, ಕೈಯಲ್ಲಿ ಹಿಡಿದ್ರೆ ಅಮುಕದ ಹಾಗೆ ಕಾಯೋದು ಈ ಅಡ್ಡ ಎಳೆನೇ. ಮುಚ್ಚೋವಾಗ ಬಾಡಿ ಬೋರ್ಡ್ ಮೇಲೇ ಸೂಜಿ ಹೊಡೆದು ಇರ್ಲಿ, ಗಾಳೀಲಿ ಕೈಯಲ್ಲಿ ಹಿಡ್ಕೊಂಡು ಮುಚ್ಚಿದ್ರೆ ಅಲ್ಲಿಯ ತನಕ ನೇರ ಇದ್ದಿದ್ದು ಆ ಕ್ಷಣದಲ್ಲಿ ತಿರುಚುತ್ತೆ, ಆಮೇಲೆ ಅದನ್ನ ಬಿಡಿಸೋಕಾಗಲ್ಲ.

ರೆಕ್ಕೆ ಕೂರೋ ತಡಿಯನ್ನ ಉಪ್ಪುಕಾಗದದಲ್ಲಿ ಸವೆಸೋವಾಗ ಹುಷಾರು. ರೆಕ್ಕೆ ಅಗಲ 20 ಸೆಂಟಿಮೀಟರ್ ಇದ್ರೆ ಮುಂದಿನ ಅಂಚು ಮೂರೂವರೆ ಮಿಲಿಮೀಟರ್ ಏರಿಳಿದ್ರೆ ಒಂದು ಡಿಗ್ರಿ ಬದಲಾಗುತ್ತೆ, ಗ್ಲೈಡರ್‌ಗೆ ಒಂದು ಡಿಗ್ರಿ ಬಹಳ. ಪ್ಲಾನ್‌ನಲ್ಲಿ ರೆಕ್ಕೆಗೂ ಸ್ಟ್ಯಾಬ್‌ಗೂ ಎಷ್ಟು ಕೋನ ಕೊಟ್ಟಿದಾರೋ ಅಷ್ಟೇ ಇಡಿ. ಸ್ಟ್ಯಾಬ್ ಅಂಟಿಸೋ ಮೊದಲು ರೆಕ್ಕೆ ಕಟ್ಟಿ, ಹಿಂದೆ ನಾಲ್ಕು ಹೆಜ್ಜೆ ದೂರ ಹೋಗಿ ಎರಡೂ ಸಮ ಕಾಣುತ್ತಾ ನೋಡಿ, ಆಮೇಲೆ ದಾರದಿಂದ ಎಡ ರೆಕ್ಕೆ ತುದಿಯಿಂದ ಬಾಲದ ಕೊನೆ, ಬಲ ರೆಕ್ಕೆ ತುದಿಯಿಂದ ಬಾಲದ ಕೊನೆ ಅಳೀರಿ, ಸಮ ಆಗೋ ತನಕ ರೆಕ್ಕೆ ಸರಿಸಿ ಗುರುತು ಹಾಕಿ. ನನ್ನದೊಂದು ಗ್ಲೈಡರ್‌ನಲ್ಲಿ ಬಾಲ ನಾಲ್ಕು ಮಿಲಿಮೀಟರ್ ಓರೆ ಇತ್ತು, ರಡ್ಡರ್ ಟ್ರಿಮ್‌ನಲ್ಲಿ ಸರಿಹೋಗುತ್ತೆ ಅಂತ ಬಿಟ್ಟಿದ್ದೆ. ಸುಮ್ನೆ ತೇಲೋವಾಗ ಸರಿ ಇತ್ತು, ಆದ್ರೆ ಟೋ ಹಗ್ಗದಲ್ಲಿ ಮೇಲೇರುವಾಗ ಪ್ರತಿ ಸಲ ಒಂದೇ ಪಕ್ಕಕ್ಕೆ ಎಳೀತಿತ್ತು, ಒಂದು ದಿನ ಅರ್ಧ ಎತ್ತರದಲ್ಲಿ ಹಾಗೇ ಮಗುಚಿ ನೆಲಕ್ಕೆ ಬಂತು. ಎರಡು ತಿಂಗಳು ಕೂತು ಕಟ್ಟಿದ್ದು. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳ್ತಿರೋದು.

ಸೀಸದ ಲೆಕ್ಕ: ಬಾಲ ಸಿಜಿಯಿಂದ 60 ಸೆಂಟಿಮೀಟರ್ ಹಿಂದೆ, ಮೂಗಿನ ಸೀಸ 20 ಸೆಂಟಿಮೀಟರ್ ಮುಂದೆ ಇದ್ರೆ ಬಾಲದ ಪ್ರತಿ ಒಂದು ಗ್ರಾಂಗೆ ಮೂಗಲ್ಲಿ ಮೂರು ಗ್ರಾಂ ಬೇಕು. ಬಾಲದ ಕಡೆ ಹತ್ತು ಗ್ರಾಂ ಅಂಟು ಸುರಿದ್ರೆ ಮೂವತ್ತು ಗ್ರಾಂ ಸೀಸ, ಒಟ್ಟು ನಲವತ್ತು ಗ್ರಾಂ ಸುಮ್ನೆ ಹೊರೋದು. ಹಿಂದಿನ ಅರ್ಧಕ್ಕೆ ಅಂಟು ಲೆಕ್ಕ ಮಾಡಿ ಹಚ್ಚಿ, ಗಟ್ಟಿ ಬಾಲ್ಸಾ ಮೂಗಿಗೆ, ಹಗುರ ಬಾಲ್ಸಾ ಬಾಲಕ್ಕೆ. ಬ್ಯಾಟರಿಯನ್ನ ಎಷ್ಟು ಮುಂದೆ ತಳ್ಳೋಕಾಗುತ್ತೋ ಅಷ್ಟು ಮುಂದೆ ತಳ್ಳಿ, ಸರ್ವೋಗಳನ್ನೂ ಆದಷ್ಟು ಮುಂದಕ್ಕೆ ಇಡಿ, ಆಮೇಲೂ ಕಮ್ಮಿ ಬಿದ್ರೆ ಮಾತ್ರ ಸೀಸ. ಎಷ್ಟು ಗ್ರಾಂ ಅಂತ ಈಗಲೇ ಯಾರೂ ಹೇಳೋಕಾಗಲ್ಲ, ಕವರಿಂಗ್ ಹಾಕಿ, ರಡ್ಡರ್ ಎಲಿವೇಟರ್ ಹಿಂಜ್ ಮಾಡಿ, ಎಲ್ಲ ಕೂರಿಸಿದ್ಮೇಲೆ ರೆಕ್ಕೆ ಕೆಳಗೆ ಪ್ಲಾನ್‌ನ ಸಿಜಿ ಗುರುತಿನ ಮೇಲೆ ಎರಡು ಬೆರಳಲ್ಲಿ ಎತ್ತಿ, ಸಮವಾಗಿ ನಿಲ್ಲೋ ತನಕ ಮೂಗಿನ ಗೂಡಲ್ಲಿ ಸೀಸದ ಚೂರು ಹಾಕ್ತಾ ಹೋಗಿ. ಶುರುವಿನಲ್ಲಿ ಅದನ್ನ ಟೇಪಲ್ಲಿ ಅಲುಗದ ಹಾಗೆ ಬಿಗಿ ಮಾಡಿ, ಎಪಾಕ್ಸಿ ಹಾಕ್ಬೇಡಿ, ನಾಲ್ಕೈದು ಸಲ ಹಾರಿಸಿದ್ಮೇಲೆ ಒಂದೆರಡು ಚೂರು ತೆಗೆಯೋದೋ ಹಾಕೋದೋ ಇದ್ದೇ ಇರುತ್ತೆ.