ಸಂಪಾದಕರ ಉತ್ತರ: ಅವನ ಮಾತಿರಲಿ, ಆಕೆಗೆ ಫೋನ್ ಮಾಡಿದಿರಾ?

ಓದುಗರ ಪತ್ರ: "ನಮ್ಮದು ಹೆಂಗಸರ ಕೈತೋಟದ ವಾಟ್ಸ್ಆ್ಯಪ್ ಗುಂಪು. 250 ಜನ ಇದ್ದೇವೆ. ಲಿಂಕ್ ಹಿಡಿದು ಒಳಗೆ ಬಂದ ಯಾರೋ ಒಬ್ಬ ರಾತ್ರಿ ನಮ್ಮ ಸದಸ್ಯೆಯೊಬ್ಬರ ಮುಖವನ್ನು ಕೊಳಕು ಚಿತ್ರಕ್ಕೆ ಅಂಟಿಸಿ ಹಾಕಿದ. ಬೆಳಿಗ್ಗೆ ನೋಡಿದ ಕೂಡಲೇ ಅಳಿಸಿ, ಅವನನ್ನು ತೆಗೆದೆ. ಅಷ್ಟರಲ್ಲಿ ಅವನಿಗೆ ಬೈಗುಳ, 'ಏನಾಯ್ತು?' ಅಂತ ಕೇಳುವವರು, ಅವರಿಗೆ ಸ್ಕ್ರೀನ್‌ಶಾಟ್ ಕಳಿಸುವವರು, ಎಲ್ಲಾ ಗದ್ದಲ. ಆಕೆ ಗುಂಪು ಬಿಟ್ಟು ಹೋದರು. ನಾವು ಏನು ಮಾಡಬೇಕಿತ್ತು? ಅಡ್ಮಿನ್ ಅಂತ ನನ್ನ ಮೇಲೆ ಕೇಸು ಆಗುತ್ತಾ?" (ಹೆಸರು ಬೇಡ ಎಂದಿದ್ದಾರೆ)

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಉಳಿದದ್ದು ನಿಮ್ಮ ತಲೆಗೆ ಹೋಗಲಿಕ್ಕಿಲ್ಲ. ಬೇರೆಯವರು ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೂ ಅವನ ಜೊತೆ ಸೇರಿಕೊಂಡಿದ್ದರೆ ಬೇರೆ ಮಾತು. ಹಾಗೇನಿಲ್ಲವಲ್ಲ, ನಿದ್ದೆ ಮಾಡಿ.

ಆದರೆ ಸ್ಕ್ರೀನ್‌ಶಾಟ್ ಕಳಿಸಿದವರು ಅಷ್ಟು ನೆಮ್ಮದಿಯಿಂದ ಇರುವಂತಿಲ್ಲ. ಅಶ್ಲೀಲ ಚಿತ್ರ ರವಾನಿಸುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. "ಅಯ್ಯೋ ಪಾಪ, ನೋಡಿ ಹೇಗೆ ಮಾಡಿದ್ದಾನೆ" ಎಂದು ಕೆಳಗೆ ಬರೆದರೂ ಹೋಗುವುದು ಅದೇ ಚಿತ್ರ ಅಲ್ವಾ?

ಆ ಕಿಡಿಗೇಡಿ ಚಿತ್ರ ಹಾಕಿದ್ದು ಒಂದು ಕಡೆ. ಬೇರೆ ಬೇರೆ ಫೋನುಗಳಿಗೆ ಅದನ್ನು ಹೊತ್ತುಕೊಂಡು ಹೋದದ್ದು ಆಕೆಯ ಗೆಳತಿಯರೇ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲಿಗೆ ಮುಗಿಬಿದ್ದದ್ದು ನಿಮಗೆ ನೆನಪಿರಬಹುದು. ಬೆದರಿಕೆಯ ಎಸ್ಸೆಮ್ಮೆಸ್ಸು ಹುಟ್ಟಿಸಿದವರು ಯಾರೇ ಇರಲಿ, "ಹುಷಾರು" ಎಂದು ಮುಂದೆ ಕಳಿಸಿದವರಲ್ಲಿ ಒಳ್ಳೆಯವರೂ ಇದ್ದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ವಾಟ್ಸ್ಆ್ಯಪ್‌ನಲ್ಲಿ ಹರಡಿದ ವದಂತಿ ನಂಬಿದ ಗುಂಪು ಒಬ್ಬ ಯುವ ಇಂಜಿನಿಯರ್‌ನನ್ನು ಹೊಡೆದು ಕೊಂದಿತು. ಮೊದಲನೆಯದರಲ್ಲಿ ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಬೇಡ ಎಂದಿತು. ಎರಡನೆಯದು ನಡೆದ ಒಂದು ವಾರದೊಳಗೇ ವಾಟ್ಸ್ಆ್ಯಪ್ ನಮ್ಮ ದೇಶದಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ ಐದು ಚಾಟಿಗೆ ಇಳಿಸುವುದಾಗಿ ಹೇಳಿತು. ಎರಡು ಸಲವೂ ಕಟ್ಟಿಹಾಕಬೇಕಾದದ್ದು ಮುಂದೆ ಕಳಿಸುವವರ ಕೈಯನ್ನೇ.

ಇನ್ನು, ನೀವು ತಕ್ಷಣ ಅಳಿಸಿದ್ದು. ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ತಪ್ಪಲ್ಲ. ಆದರೆ ಅಳಿಸಿದರೆ ಸಾಕ್ಷಿಯೂ ಹೋಯಿತು. ಅವನ ನಂಬರ್, ಸಮಯ ಕಾಣುವಂತೆ ಒಬ್ಬರು, ಒಬ್ಬರೇ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕಿತ್ತು. ಆಮೇಲೆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ, ಅಳಿಸಿ, ಅವನನ್ನು ಹೊರಗೆ ಹಾಕುವುದು. ಗದ್ದಲ ಶುರುವಾದ ಕೂಡಲೇ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಿದ್ದರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತಿತ್ತು. ಅವನಿಗೆ ಬೇಕಿದ್ದದ್ದೇ ಆ ಬೈಗುಳ. ಈಗಲೂ ಗ್ರೂಪ್ ಇನ್ಫೋದ ಕೊನೆಯಲ್ಲಿ ಬಿಟ್ಟು ಹೋದವರ ಪಟ್ಟಿ ನೋಡಿ. 60 ದಿನ ಕಳೆದಿಲ್ಲದಿದ್ದರೆ ಅವನ ನಂಬರ್ ಸಿಗಬಹುದು. ಹಳೇ ಲಿಂಕ್ ಇವತ್ತೇ ರದ್ದು ಮಾಡಿ.

ದೂರು ಕೊಡುವುದು ಬಿಡುವುದು ಆಕೆಯ ಇಷ್ಟ. ಕೊಡುವುದಾದರೆ ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆ ಇದೆ, ಮನೆಯಿಂದಲೇ ಆಗಬೇಕೆಂದರೆ ಕೇಂದ್ರದ ಸೈಬರ್‌ಕ್ರೈಮ್ ಪೋರ್ಟಲ್ ಇದೆ. ಠಾಣೆಗೆ ಜೊತೆಯಲ್ಲಿ ನೀವೂ ಹೋಗಿ.

ಇಷ್ಟುದ್ದದ ಪತ್ರದಲ್ಲಿ ಯಾರಾದರೂ ಆಕೆಗೆ ಫೋನ್ ಮಾಡಿದರು ಎಂಬ ಒಂದು ಸಾಲಿಗೆ ಹುಡುಕಿದೆ. ಸಿಗಲಿಲ್ಲ. "ಕೆಸರಿಗೆ ಕಲ್ಲು ಹಾಕುವುದು ಯಾಕೆ" ಎಂದು ಸುಮ್ಮನಿದ್ದವರು ತಾವು ಮರ್ಯಾದಸ್ಥರು ಅಂದುಕೊಂಡಿರುತ್ತಾರೆ. ಆ ಕಡೆ ಕೂತ ಆಕೆಗೆ ಮಾತ್ರ, 250 ಜನ ನೋಡಿದರು, ತನ್ನ ಹತ್ತಿರ ಯಾರೂ ಒಂದು ಮಾತಾಡಲಿಲ್ಲ, ಅಷ್ಟೇ ಗೊತ್ತು.

ಗುಂಪಿಗೆ ವಾಪಸ್ ಬನ್ನಿ ಎಂದು ಒತ್ತಾಯ ಮಾಡಬೇಡಿ. ಈ ಭಾನುವಾರ ಇಬ್ಬರೋ ಮೂವರೋ ಅವರ ಮನೆಗೆ ಹೋಗಿ. ಕೈಯಲ್ಲಿ ಒಂದು ಕರಿಬೇವಿನ ಸಸಿ ಇರಲಿ. ಆ ವಿಷಯ ಅವರಾಗೇ ಎತ್ತುವ ತನಕ ಗಿಡದ ಮಾತೇ ಆಡಿ.