ಡಾರಾಟುಮುಮ್ಯಾಬ್ ಶುರು ಮಾಡುವ ಮುಂಚೆ ಬ್ಲಡ್ ಬ್ಯಾಂಕ್‌ಗೆ ಹೇಳಿ

ಅಪ್ಪನಿಗೆ ಮಲ್ಟಿಪಲ್ ಮೈಲೋಮಾ (ಮೂಳೆ ಮಜ್ಜೆಯಲ್ಲಿ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರ್), ಪರೇಲ್‌ನಲ್ಲಿ ತೋರಿಸುತ್ತಿದ್ದೀರಿ, ಮುಂದಿನ ವಾರ ಅದಕ್ಕೆ ಡಾರಾಟುಮುಮ್ಯಾಬ್ ಅನ್ನೋ ಔಷಧಿ ಶುರು, ಅಷ್ಟರಲ್ಲಿ ಏನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮುಂಬೈನ ಒಂದು ಬ್ಲಡ್ ಬ್ಯಾಂಕ್‌ನಲ್ಲಿ ಟೆಕ್ನೀಷಿಯನ್. ಅದಕ್ಕೇ ನಮ್ಮ ಕಡೆಯ ಮಾತು ಮೊದಲು: ಮೊದಲ ಡೋಸ್‌ಗೆ ಮುಂಚೆಯೇ ಬ್ಲಡ್ ಗ್ರೂಪ್ ಜೊತೆಗೆ ಆ್ಯಂಟಿಬಾಡಿ ಸ್ಕ್ರೀನಿಂಗ್ (ಬೇರೆಯವರ ಕೆಂಪು ರಕ್ತಕಣಕ್ಕೆ ಅಂಟಿಕೊಳ್ಳುವ ಪ್ರೋಟೀನ್ ರಕ್ತದಲ್ಲಿ ಇದೆಯಾ ಅಂತ ನೋಡುವ ಟೆಸ್ಟ್) ಮಾಡಿಸಿ, ರಿಪೋರ್ಟ್ ಫೈಲಲ್ಲಿ ಇಟ್ಟುಕೊಳ್ಳಿ.

ಯಾಕೆ ಅಂದ್ರೆ, ಈ ಔಷಧಿಯೂ ಒಂದು ಆ್ಯಂಟಿಬಾಡಿ. ಮೈಲೋಮಾ ಕಣದ ಮೇಲೆ ಸಿಡಿ38 ಅನ್ನೋ ಪ್ರೋಟೀನ್ ಜಾಸ್ತಿ ಇರುತ್ತದೆ, ಅದನ್ನೇ ಹಿಡಿಯುತ್ತದೆ. ತೊಂದರೆ ಏನಪ್ಪಾ ಅಂದ್ರೆ, ಕೆಂಪು ರಕ್ತಕಣದ ಮೇಲೂ ಅದು ಚೂರು ಇರುತ್ತದೆ. ಅಪ್ಪನಿಗೆ ಹಿಮೋಗ್ಲೋಬಿನ್ ಇಳಿದು ರಕ್ತ ಬೇಕಾದಾಗ ನಾವು ಕ್ರಾಸ್‌ಮ್ಯಾಚ್‌ಗೆ, ಅಂದ್ರೆ ದಾನಿಯ ರಕ್ತ ಅವರಿಗೆ ಹೊಂದುತ್ತಾ ಅಂತ ನೋಡೋಕೆ, ಕೂತರೆ, ಅವರ ಸ್ಯಾಂಪಲ್‌ನಲ್ಲಿರುವ ಔಷಧಿ ಯಾವ ದಾನಿಯ ರಕ್ತ ಹಾಕಿದರೂ ಹೋಗಿ ಅಂಟಿಕೊಳ್ಳುತ್ತದೆ. ಟ್ಯೂಬ್ ಮೇಲೆ ಟ್ಯೂಬ್ ನೋಡಿದರೂ ಎಲ್ಲದರಲ್ಲೂ ಸಣ್ಣ ಸಣ್ಣ ಗಂಟು, ಒಂದು ಬ್ಯಾಗೂ ಹೊಂದಲ್ಲ. ಔಷಧಿಯ ವಿಷಯ ಗೊತ್ತಿಲ್ಲದಿದ್ದರೆ ಇಲ್ಲದ ಆ್ಯಂಟಿಬಾಡಿ ಹುಡುಕುತ್ತಾ ಗಂಟೆಗಟ್ಟಲೆ ಹೋಗುತ್ತದೆ, ಹೊರಗೆ ಮನೆಯವರು ಕಾಯುತ್ತಾ ಕೂತಿರುತ್ತಾರೆ. ಗೊತ್ತಿದ್ದರೆ ಡಿಟಿಟಿ ಅನ್ನೋ ಕೆಮಿಕಲ್ (ಕೊಳೆತ ಮೊಟ್ಟೆ ವಾಸನೆ, ಕೇಳಬೇಡಿ) ಹಾಕಿ ಕಣದ ಮೇಲಿನ ಸಿಡಿ38 ಕೆಡಿಸಿ ಟೆಸ್ಟ್ ಮಾಡುತ್ತೇವೆ. ಅದು ಕಣದ ಮೇಲಿನ ಕೆಲ್ ಅನ್ನೋ ಇನ್ನೊಂದು ಬ್ಲಡ್ ಗ್ರೂಪ್ ಗುರುತನ್ನೂ ಅಳಿಸುತ್ತದೆ, ಅದರ ವಿರುದ್ಧ ಆ್ಯಂಟಿಬಾಡಿ ಇದ್ದರೂ ಟೆಸ್ಟಲ್ಲಿ ಕಾಣಲ್ಲ, ಹಾಗಾಗಿ ಕೆಲ್ ನೆಗೆಟಿವ್ ರಕ್ತ ಕೊಡುತ್ತೇವೆ.

ಗ್ರೂಪ್ ಮಾತ್ರ ಬದಲಾಗಲ್ಲ. ಬಿ ಪಾಸಿಟಿವ್ ಇದ್ದವರು ಬಿ ಪಾಸಿಟಿವೇ. ಯಾರಾದರೂ ನೆಂಟರು ಹಾಗಲ್ಲ ಅಂತ ಹೆದರಿಸಿದರೆ ಸುಮ್ನೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ಡಾಕ್ಟರ್ ಹತ್ತಿರ ಕೇಳಬೇಕಾದ್ದು: ಡ್ರಿಪ್ಪಾ, ಚರ್ಮದಡಿಯ ಇಂಜೆಕ್ಷನ್ನಾ? 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಡ್ರಿಪ್ ಮಾತ್ರ ಇತ್ತು, ಮೊದಲ ಸಲ ಸುಮಾರು 7 ಗಂಟೆ ಹಿಡಿಯುತ್ತದೆ. 2020ರಲ್ಲಿ ಬಂದ ಇನ್ನೊಂದು ರೂಪವನ್ನು ಹೊಟ್ಟೆಯ ಚರ್ಮದಡಿ 3ರಿಂದ 5 ನಿಮಿಷದಲ್ಲಿ ಕೊಟ್ಟು ಮುಗಿಸುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಕೂರಿಸಿ ನೋಡಬಹುದು. ಶುರುವಿನಲ್ಲಿ ಸಾಮಾನ್ಯವಾಗಿ ವಾರಕ್ಕೊಂದು ಡೋಸ್ ಇರುತ್ತದೆ. ನೀವು ಡೊಂಬಿವಲಿ, ಕಲ್ಯಾಣ್ ಕಡೆಯಿಂದ ಲೋಕಲ್‌ನಲ್ಲಿ ಬರುವವರಾದರೆ ಇದು ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ? ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ, ಸರ್ಪಸುತ್ತು ಬರದಂತೆ ಮಾತ್ರೆ ಕೊಡುತ್ತಾರಾ ಅಂತಲೂ ಕೇಳಿ. ಎಂ ಪ್ರೋಟೀನ್ (ಮೈಲೋಮಾ ಕಣ ಮಾಡುವ ಪ್ರೋಟೀನ್, ಕಾಯಿಲೆ ಎಷ್ಟಿದೆ ಅಂತ ಇದರಿಂದ ನೋಡುತ್ತಾರೆ) ರಿಪೋರ್ಟ್‌ನಲ್ಲಿ ಕೆಲವೊಮ್ಮೆ ಈ ಔಷಧಿಯೇ ಸಣ್ಣ ಗೆರೆಯಾಗಿ ಕಾಣುತ್ತದೆ, ಅದನ್ನು ನೋಡಿ ಕಾಯಿಲೆ ವಾಪಸ್ ಬಂತು ಅಂತ ನೀವೇ ತೀರ್ಮಾನಕ್ಕೆ ಬರಬೇಡಿ.

ಕ್ರಾಸ್‌ಮ್ಯಾಚ್ ತೊಂದರೆ ಕೊನೆಯ ಡೋಸ್ ಆದಮೇಲೂ 6 ತಿಂಗಳವರೆಗೆ ಇರಬಹುದು. ಊರಿಗೆ ಹೋದಾಗ ಅಲ್ಲಿ ಅಡ್ಮಿಟ್ ಆದರೂ ಔಷಧಿ ಹೆಸರು, ಕೊನೆಯ ಡೋಸ್ ತಾರೀಖು ಬರೆದ ಚೀಟಿ ಅಪ್ಪನ ಜೇಬಲ್ಲೇ ಇರಲಿ.